ಮೂರು ಕಟ್ಟೆಗಳ ಬೆಟ್ಟ

"ಗುರುಗಳೇ, ನಿಮ್ಮ ಪ್ರವಚನ ಯಾಕೆ ಅಷ್ಟು ನಿಧಾನ?" ಎಂದು ಶಿಷ್ಯ ಕೇಳಿದ.

ಗುರುಗಳು ಹುರಿದ ಕಡಲೆಕಾಯಿ ಸುಲಿಯುತ್ತಿದ್ದರು. ಹಿಂದಿನ ದಿನ ಪ್ರವಚನಕ್ಕೆ ಬಂದವರೊಬ್ಬರು ಒಂದು ಚೀಲ ಕೊಟ್ಟು ಹೋಗಿದ್ದರು. "ನಿಧಾನವೇ?" ಎಂದರು.

"ನಿನ್ನೆ ಪಟ್ಟಣದಿಂದ ನಾಲ್ವರು ಪಂಡಿತರು ಬಂದಿದ್ದರಲ್ಲ, ಅವರು ಅಂದರು. ನೀವು ಒಂದು ಮಾತು ಹೇಳಿ ನಿಲ್ಲುತ್ತೀರಂತೆ. ಅಡುಗೆಮನೆಯ ಉದಾಹರಣೆ ಕೊಟ್ಟು ಮತ್ತೆ ನಿಲ್ಲುತ್ತೀರಂತೆ. ಅವರಿಗೆ ಮೊದಲ ಸಲಕ್ಕೇ ಅರ್ಥವಾಗಿರುತ್ತದೆ. ಒಬ್ಬರು ಆಕಳಿಸಿದರು. ನನಗೆ ನಾಚಿಕೆಯಾಯಿತು."

"ಅವರು ಮುಂದಿನ ಸಾಲಿನಲ್ಲಿದ್ದರು. ಹಿಂದೆ ಯಾರಿದ್ದರು?"

"ಹಿಂದೆ ಇನ್ಯಾರು, ಎಂದಿನವರು. ಹೆಂಗಸರು, ಮಕ್ಕಳು. ಬಾಗಿಲ ಬಳಿ ಒಂದಿಬ್ಬರು ಮುದುಕಿಯರು."

ಗುರುಗಳು ಒಂದು ಹಿಡಿ ಕಡಲೆಕಾಯಿಯನ್ನು ಶಿಷ್ಯನ ಕೈಗೆ ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಚೀನಾ ದೇಶದಲ್ಲಿ ಒಬ್ಬ ಚಿತ್ರಕಾರನಿದ್ದ. ಅವನು ಬರೆಯುತ್ತಿದ್ದುದು ಬೆಟ್ಟ ಮತ್ತು ನೀರು, ಅಷ್ಟೇ. ವಸಂತದಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದ. ಅಲ್ಲಿ ಕುಂಚ ಮುಟ್ಟುತ್ತಿರಲಿಲ್ಲ, ನೋಡುತ್ತಿದ್ದ. ಎರಡು ಮೂರು ತಿಂಗಳು ನೋಡಿ, ಮನೆಗೆ ಬಂದು, ನೆನಪಿನಿಂದ ಬರೆಯುತ್ತಿದ್ದ. ಬಣ್ಣವಿಲ್ಲ, ಕಪ್ಪು ಮಸಿ ಮಾತ್ರ. ನಾವು ಗಂಧದ ಕೊರಡು ತೇಯುವ ಹಾಗೆ ಅಲ್ಲಿ ಮಸಿಯ ತುಂಡನ್ನು ಕಲ್ಲಿನ ಮೇಲೆ ನೀರು ಬಿಟ್ಟು ತೇಯುತ್ತಾರೆ. ತೇಯುವ ಕೆಲಸ ಹೆಂಡತಿಯದು.

ಹೆಂಡತಿ ಬೆಟ್ಟ ಕಂಡವಳಲ್ಲ. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಐದಾರು ವರ್ಷಕ್ಕೇ ಬಟ್ಟೆಯಿಂದ ಬಿಗಿದು ಕಟ್ಟಿಬಿಡುತ್ತಿದ್ದರು. ಪಾದ ಬೆಳೆದರೆ ಗಂಡು ಸಿಗುವುದಿಲ್ಲ ಎಂದು. ಕಟ್ಟಿದ ಮೇಲೆ ಗಂಡು ಸಿಗುತ್ತಿದ್ದ, ನಡೆಯಲು ಆಗುತ್ತಿರಲಿಲ್ಲ. ಆಕೆ ಗೋಡೆ ಹಿಡಿದು ಅಂಗಳದವರೆಗೆ ಬರುತ್ತಿದ್ದಳು, ಅಲ್ಲಿಂದ ವಾಪಸು.

ಮದುವೆಯಾದ ಹೊಸದರಲ್ಲಿ ಅವನು, "ನಿನ್ನನ್ನು ಒಂದು ಸಲ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ, ಜಲಪಾತ ತೋರಿಸುತ್ತೇನೆ" ಎಂದಿದ್ದ. ಮೊದಲ ವರ್ಷ ಅವಳು ನೆನಪಿಸಿದಳು. ಎರಡನೆಯ ವರ್ಷವೂ ನೆನಪಿಸಿದಳು. ಆಮೇಲೆ ಬಿಟ್ಟಳು. ಜಗಳವೇನೂ ಆಗಲಿಲ್ಲ. ಮೂವತ್ತು ವರ್ಷ ಕಳೆಯಿತು, ಅವನಿಗೆ ಮರೆತುಹೋಯಿತು.

ಒಂದು ಶರತ್ಕಾಲ ಅರಮನೆಯ ಚಿತ್ರಶಾಲೆಯಲ್ಲಿ ಒಂದು ಸ್ಥಾನ ಖಾಲಿಯಾಯಿತು. ಅದು ಅವನು ತಾರುಣ್ಯದಿಂದ ಆಸೆಪಟ್ಟ ಸ್ಥಾನ. ಅರಮನೆಯ ಪಂಡಿತರು ಅವನಿಂದ ಒಂದು ಚಿತ್ರ ಕೇಳಿ ಕಳಿಸಿದರು. ಅದೇ ದಿನಗಳಲ್ಲಿ ಹೆಂಡತಿಗೆ ಕೆಮ್ಮು ಹಿಡಿಯಿತು. ವೈದ್ಯ ನಾಡಿ ನೋಡಿ, "ಚಳಿಗಾಲ ಕಳೆಯಲಿ, ಆಮೇಲೆ ನೋಡೋಣ" ಎಂದ. ವೈದ್ಯರು ಹಾಗೆ ಅಂದರೆ ಏನರ್ಥ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಚಿತ್ರ ಮುಗಿಯಿತು. ಅದು ಉದ್ದನೆಯ ಸುರುಳಿ. ಬಲದಿಂದ ಬಿಚ್ಚುತ್ತ, ನೋಡಿದ್ದನ್ನು ಸುತ್ತುತ್ತ, ಎಡಕ್ಕೆ ಹೋಗಬೇಕು. ಒಂದು ಸಲಕ್ಕೆ ಒಂದೆರಡು ಮೊಳ ಮಾತ್ರ ಕಣ್ಣಿಗೆ ಬೀಳುತ್ತದೆ. ನೋಡುವವರು ಚಿತ್ರದೊಳಗಿನ ದಾರಿ ಹಿಡಿದು ನಡೆದ ಹಾಗೆ. ಸುರುಳಿಯ ನಡುವೆ ಚಿತ್ರಕಾರ ತನ್ನ ಗುರುಪರಂಪರೆಯಂತೆ ಕಾಗದವನ್ನು ಬರಿದಾಗಿ ಬಿಟ್ಟಿದ್ದ. ಅದು ಹೊಳೆ, ಅದೇ ಮಂಜು. ಅದಕ್ಕೆ ಮಸಿ ತಾಗಬಾರದು. ಪಂಡಿತರು ಮೆಚ್ಚುತ್ತಿದ್ದುದು ಆ ಬರಿದನ್ನೇ.

ಕೊನೆಯ ಬಾರಿ ನೋಡಲು ಅವನು ಸುರುಳಿ ಬಿಚ್ಚಿದ. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು, ಹೆಂಡತಿಯನ್ನು ಕರೆದ. ಅವಳು ಒಂದು ಕೈಯಲ್ಲಿ ತುದಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕಾಗದಕ್ಕೆ ತಾಗಿಸದೆ ದಾರಿಯ ಮೇಲೆ ನಡೆಸಿದಳು. ಬರಿದಿನ ಅಂಚಿಗೆ ಬಂದು ಬೆರಳು ನಿಂತಿತು.

"ಇಲ್ಲಿಂದ ಮುಂದೆ ನೀವು ಹೇಗೆ ಹೋದಿರಿ?"

"ಕಲ್ಲಿಂದ ಕಲ್ಲಿಗೆ ಹಾರಿಕೊಂಡು."

"ಕಲ್ಲು ಕಾಣುವುದಿಲ್ಲವಲ್ಲ."

"ಕಾಣಬಾರದು. ನೋಡುವವರ ಮನಸ್ಸೇ ಹಾರಿ ದಾಟುತ್ತದೆ. ಪಂಡಿತರಿಗೆ ಅದೇ ಇಷ್ಟ."

"ಪಂಡಿತರ ಕಾಲು ಗಟ್ಟಿ ಇರುತ್ತದೆ," ಎಂದಳು ಅವಳು. "ನಾನು ಯಾವಾಗಲೂ ಇಲ್ಲಿಂದಲೇ ವಾಪಸು."

"ಯಾವಾಗಲೂ ಎಂದರೆ?"

ಆಗ ಅವನಿಗೆ ತಿಳಿಯಿತು. ಅವನು ಊರಲ್ಲಿಲ್ಲದ ತಿಂಗಳುಗಳಲ್ಲಿ ಅವಳು ಮನೆಯಲ್ಲಿದ್ದ ಸುರುಳಿಗಳನ್ನು ಒಂದೊಂದಾಗಿ ಬಿಚ್ಚಿ ಬೆಟ್ಟಕ್ಕೆ ಹೊರಡುತ್ತಿದ್ದಳು. ಪ್ರತಿಯೊಂದರಲ್ಲೂ ನಡುವೆ ದಾರಿ ತಪ್ಪುತ್ತಿತ್ತು. ಅಲ್ಲಿಗೇ ಸುತ್ತಿ ಇಡುತ್ತಿದ್ದಳು.

"ಮುಂದಕ್ಕೆ ಬಿಚ್ಚಿದರೆ ಉಳಿದದ್ದೂ ಕಾಣುತ್ತದಲ್ಲ," ಎಂದ ಅವನು.

"ಕಾಣುತ್ತದೆ. ನಡೆದು ಹೋಗದೆ ನೋಡಿದರೆ ಅದು ಕದ್ದು ನೋಡಿದ ಹಾಗೆ."

ಮೂವತ್ತು ವರ್ಷ ತಲೆ ತಗ್ಗಿಸಿ ಮಸಿ ತೇಯ್ದವಳು ಅವನ ಯಾವ ಚಿತ್ರದ ಎಡಭಾಗವನ್ನೂ ನೋಡಿರಲಿಲ್ಲ. ಜಲಪಾತಗಳೆಲ್ಲ ಎಡಭಾಗದಲ್ಲಿದ್ದವು.

ಅವನು ಎದ್ದು ಮಸಿಯ ಕಲ್ಲು ತಂದ.

"ಬೇಡ," ಎಂದಳು. "ನಾನು ಮಾತಿಗೆ ಅಂದೆ. ಅದು ಮುಗಿದ ಚಿತ್ರ. ಮಸಿ ಇಳಿದರೆ ಮತ್ತೆ ತೆಗೆಯಲು ಬರುವುದಿಲ್ಲ."

"ಗೊತ್ತು."

ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ, ಆ ದಿನ ಮಸಿ ತೇಯ್ದದ್ದು ಅವನೇ. ಗಟ್ಟಿಯಾಯಿತು. "ನೀರು," ಎಂದಳು. ನೀರು ಹೆಚ್ಚಾಯಿತು. "ಇಷ್ಟು ವರ್ಷ ಎದುರಿಗೇ ಕೂತಿದ್ದಿರಿ, ಒಂದು ಸಲವಾದರೂ ಈ ಕಡೆ ನೋಡಬಾರದಿತ್ತೇ?" ಎಂದಳು. ಅವನು ಮತ್ತೆ ತೇಯ್ದ.

ಬರಿದಿನ ಮೇಲೆ ಅವನು ಒಂದು ಸೇತುವೆ ಬರೆದ. ಅವಳು ನೋಡಿ, "ಹಿಡಿದುಕೊಳ್ಳಲು ಏನಿದೆ?" ಎಂದಳು. ಕೈಗಂಬಿ ಬರೆದ. ಸೇತುವೆಯಾಚೆ ಏರು. ಅವಳ ಪಾದಕ್ಕೆ ತಕ್ಕಂತೆ ಸಣ್ಣ ಸಣ್ಣ ಮೆಟ್ಟಿಲು ಮಾಡಿದ. ಹನ್ನೆರಡು ಮೆಟ್ಟಿಲಿಗೆ ಅವಳಿಗೆ ದಣಿವಾಯಿತು. ಅಲ್ಲೊಂದು ಕಲ್ಲಿನ ಕಟ್ಟೆ ಬರೆದ, ಕೂರುವುದಕ್ಕೆ. ತಿರುವಿನಲ್ಲಿ ಇನ್ನೊಂದು. ಮೇಲೆ, ಮರದ ಕೆಳಗೆ, ಮತ್ತೊಂದು.

"ಚಹಾ ಬೇಡವೇನು?" ಎಂದು ಅವನು ಹಾಸ್ಯ ಮಾಡಿದ.

"ಸಿಕ್ಕರೆ ಯಾರು ಬೇಡ ಅನ್ನುತ್ತಾರೆ," ಎಂದಳು.

ಮೂರನೆಯ ಕಟ್ಟೆಯ ಪಕ್ಕ ಒಂದು ಒಲೆ ಬರೆದ, ಹೊಗೆಯನ್ನೂ ಬರೆದ. ಸಂಜೆಯ ಹೊತ್ತಿಗೆ ಬರಿದೆಂಬುದು ಉಳಿಯಲಿಲ್ಲ.

ಮಸಿ ಒಣಗಿದ ಮೇಲೆ ಇಬ್ಬರೂ ಮೊದಲಿನಿಂದ ಹೊರಟರು. ಅವಳ ಬೆರಳು ಕೈಗಂಬಿ ಹಿಡಿದು ಸೇತುವೆ ದಾಟಿತು. ಮೂರು ಕಟ್ಟೆಯಲ್ಲೂ ಕೂತಿತು. ಅವಳು ಕೆಮ್ಮಿದಾಗ ನಿಂತಿತು, ಕೆಮ್ಮು ನಿಂತ ಮೇಲೆ ಹೊರಟಿತು. ಅವನು ಅವಸರ ಮಾಡಲಿಲ್ಲ. ಅವಳು ಹೇಳಿದಷ್ಟೇ ಸುರುಳಿ ಬಿಚ್ಚಿದ. ಕೊನೆಗೆ ಜಲಪಾತ ಬಂತು.

ಅವಳು ಬಹಳ ಹೊತ್ತು ನೋಡಿದಳು. "ಇನ್ನೂ ದೊಡ್ಡದಿರುತ್ತದೆ ಅಂದುಕೊಂಡಿದ್ದೆ," ಎಂದಳು. ಅವನು ಸುರುಳಿ ಸುತ್ತಲು ಹೋದಾಗ ಅವನ ಕೈ ಹಿಡಿದಳು. "ಇರಲಿ, ಇನ್ನೂ ಸ್ವಲ್ಪ ಹೊತ್ತು ಕೂರೋಣ."

ಚಿತ್ರ ಅರಮನೆಗೆ ಹೋಯಿತು. ಪಂಡಿತರು ಅರ್ಧದವರೆಗೆ ಬಿಚ್ಚಿ ನಕ್ಕರು. "ಇದು ಬೆಟ್ಟವೋ, ಅಜ್ಜಿಯ ಮನೆಯ ಜಗಲಿಯೋ? ಹೆಜ್ಜೆಗೊಂದು ಕಟ್ಟೆ," ಎಂದ ಒಬ್ಬ. ಮೆಚ್ಚಿದ ಚಿತ್ರದ ಬರಿದಿನಲ್ಲಿ ತಮ್ಮ ಕೆಂಪು ಮುದ್ರೆ ಒತ್ತುವುದು ಅಲ್ಲಿನ ಪಂಡಿತರ ಪದ್ಧತಿ. ಇನ್ನೊಬ್ಬ ಮುದ್ರೆ ಕೈಯಲ್ಲಿ ಹಿಡಿದು ಅತ್ತ ಇತ್ತ ನೋಡಿ, "ಒತ್ತೋಣವೆಂದರೆ ಜಾಗವನ್ನಾದರೂ ಬಿಟ್ಟಿದ್ದಾನೆಯೇ?" ಎಂದ. ಸುರುಳಿ ವಾಪಸು ಬಂತು. ಸ್ಥಾನ ಬೇರೆಯವರಿಗೆ ಹೋಯಿತು.

ಅವನು ಸುರುಳಿಯನ್ನು ಮೂಲೆಗೆ ಒರಗಿಸಿ ನಿಂತ. ಹೆಂಡತಿ ಹಾಸಿಗೆಯಿಂದಲೇ ನೋಡಿದಳು. "ಬಂತೇ? ನಾಳೆ ಹೋಗೋಣ ಹಾಗಾದರೆ," ಎಂದಳು.

ಆ ಚಳಿಗಾಲವೆಲ್ಲ ಅವಳು ದಿನಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ಬಂದಳು. ವಸಂತದ ಹೊತ್ತಿಗೆ ಅವಳಿರಲಿಲ್ಲ.

ಆ ವರ್ಷವೂ ಚಿತ್ರಕಾರ ಬೆಟ್ಟ ಹತ್ತಿದ. ದಾರಿಯಲ್ಲಿ ಮೂರು ಕಡೆ ಕೂತ. ಅವನಿಗೆ ದಣಿವಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆದರೆ ಗುರುಗಳೇ, ಪಂಡಿತರು ಹೇಳಿದ್ದು ತಪ್ಪೇ? ಚಿತ್ರ ಕೆಟ್ಟದ್ದು ನಿಜವಲ್ಲವೇ?"

"ನಿಜ. ಚಿತ್ರ ಕೆಟ್ಟಿತು," ಎಂದರು ಗುರುಗಳು. ಸಿಪ್ಪೆಗಳನ್ನು ಒಟ್ಟುಮಾಡಿ ಎಲೆಯ ಮೇಲೆ ಹಾಕಿದರು. ಆಮೇಲೆ ಕೇಳಿದರು:

"ನಿನ್ನೆ ಈ ಕಡಲೆಕಾಯಿ ತಂದು, ಬಾಗಿಲ ಬಳಿ ಕೂತು ಕಡೆಯವರೆಗೂ ಕೇಳಿ ಹೋದರಲ್ಲ ನಿನ್ನ ತಾಯಿ, ಊರು ಸೇರಿದರೇ?"

ಶಿಷ್ಯನ ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು.