ದಿಬ್ಬಕ್ಕೆ ಹೊಡೆದ ಈಡು

"ಮತ್ತೆ ನಡುವೆ ಬಾಯಿ ಹಾಕಿದಿರಲ್ಲ ಗುರುಗಳೇ! ಒಂದು ಪ್ರಶ್ನೆಯನ್ನಾದರೂ ಪೂರ್ತಿ ಕೇಳಲು ಬಿಡಿ. ಬೆಳಿಗ್ಗೆಯಿಂದ ಇದು ಮೂರನೇ ಸಲ. ಮನೆಯಲ್ಲಿ ಮಗಳು ಅಡ್ಡ ಬರುತ್ತಾಳೆ, ದಾರಿಯಲ್ಲಿ ಅತ್ತೆಯ ಫೋನು ಅಡ್ಡ ಬರುತ್ತದೆ, ಇಲ್ಲಿಗೆ ಬಂದರೆ ನೀವು."

ಉತ್ತಯ್ಯ ಗುರುಗಳು ತುಟಿಯ ಮೇಲೆ ಬೆರಳಿಟ್ಟುಕೊಂಡು ಕುಳಿತರು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಗುರಿ ಹೊಡೆಯುವುದನ್ನು ಕಲಿಸಿ ಬಂದವರು ಅವರು. ಈಗ ಮನೆಯ ಹಿಂದಿನ ಬಯಲಿನಲ್ಲಿ ಊರಿನವರಿಗೆ ಕಲಿಸುತ್ತಿದ್ದರು. ಅವರೆದುರು ದನಿ ಎತ್ತಿ ಮಾತಾಡುವ ಶಿಷ್ಯರು ಯಾರೂ ಇರಲಿಲ್ಲ, ಮುತ್ತವ್ವ ಒಬ್ಬಳನ್ನು ಬಿಟ್ಟು.

"ಸರಿ, ಕೇಳಮ್ಮ. ನೀನು ಮುಗಿಸುವ ತನಕ ನಾನು ಮೂಗ" ಎಂದರು.

"ಕೇಳುವುದು ಇಷ್ಟೇ. ಅಂಗಡಿಯಲ್ಲಿ ಎರಡು ರೈಫಲ್ ಇವೆ. ಎರಡೂ ಕಾರ್ಖಾನೆಯಿಂದ ಬಂದ ಹಾಗೇ ಇವೆ, ಯಾರೂ ಬಿಚ್ಚಿ ತಿದ್ದಿಲ್ಲ. ನನ್ನ ಲೈಸೆನ್ಸಿನಲ್ಲಿ ಬರೆದಿರುವುದು ಒಂದೇ ಕೋವಿ. ಮುನ್ನೂರು ಗಜದ ಸ್ಪರ್ಧೆಗೂ ಅದೇ ಆಗಬೇಕು, ಹಂದಿಗೂ ಅದೇ ಆಗಬೇಕು. ಎರಡರಲ್ಲಿ ನಿಖರವಾದದ್ದು ಯಾವುದೆಂದು ತಿಳಿಯುವುದು ಹೇಗೆ?"

ಹಂದಿಯ ವಿಷಯ ಇಬ್ಬರಿಗೂ ಗೊತ್ತಿತ್ತು. ಗದ್ದೆಗೆ ನುಗ್ಗುತ್ತಿದ್ದ ಒಂಟಿ ಹಂದಿಯೊಂದು ಹಿಂದಿನ ತಿಂಗಳು ಅಂಗನವಾಡಿಯ ದಾರಿಯಲ್ಲಿ ಒಬ್ಬ ಮುದುಕನನ್ನು ಕೆಡವಿತ್ತು. ಅದನ್ನು ಹೊಡೆಯಲು ಅರಣ್ಯ ಇಲಾಖೆಯವರು ಮುತ್ತವ್ವನಿಗೆ ಅನುಮತಿ ಬರೆದುಕೊಟ್ಟಿದ್ದರು. ಆ ದಾರಿಯಲ್ಲಿ ದಿನವೂ ಹನ್ನೊಂದು ಮಕ್ಕಳು ನಡೆಯುತ್ತಿದ್ದರು. ಅವರಲ್ಲಿ ಒಬ್ಬಳು ಅವಳ ಮಗಳು. ಗಾಯಗೊಂಡ ಹಂದಿ ಆ ದಾರಿಗೆ ಇಳಿದರೆ ಏನಾದೀತು ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಪ್ಪದ ಕೋವಿಯನ್ನೇ ತರುತ್ತೇನೆ, ಒಂದೇ ಈಡಿನಲ್ಲಿ ಮುಗಿಸುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು.

ಅವಳು ಚೀಲದಿಂದ ಒಂದು ಗುರಿಕಾಗದ ತೆಗೆದು ಗುರುಗಳ ಮುಂದೆ ಹರಡಿದಳು.

"ಉತ್ತರ ನನಗೇ ಸಿಕ್ಕಿದೆ ಅನ್ನಿ. ನಿನ್ನೆ ಅಂಗಡಿಯವರ ಬಯಲಿನಲ್ಲೇ ಎರಡನ್ನೂ ಹೊಡೆದು ನೋಡಿದೆ. ಎಲ್ಲರೂ ಮಾಡುವ ಹಾಗೆ ನಳಿಗೆ ಬಿಸಿಯಾಗಲೆಂದು ಮೊದಲು ಮಣ್ಣಿನ ದಿಬ್ಬಕ್ಕೊಂದು ಈಡು ಹೊಡೆದೆ, ಆಮೇಲೆ ಕಾಗದಕ್ಕೆ ಐದು. ಇದು ದಪ್ಪ ನಳಿಗೆಯದ್ದು. ನೋಡಿ, ಐದೂ ಒಂದೇ ಗೂಡಿನಲ್ಲಿ ಕೂತಿವೆ. ತೆಳ್ಳನೆಯದರ ಕಾಗದ ತರಲೇ ಇಲ್ಲ, ತೋರಿಸಲು ನಾಚಿಕೆ. ನಾಳೆ ಬೆಳಿಗ್ಗೆ ಹೋಗಿ ದಪ್ಪನೆಯದನ್ನೇ ತರುತ್ತೇನೆ. ನೀವು ಹೂಂ ಅಂದರೆ ಸಾಕು."

ಗುರುಗಳು ಹೂಂ ಅನ್ನಲಿಲ್ಲ. ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಗಾಳಿಗೆ ಹಾರದಂತೆ ಅದರ ಮೇಲೆ ಮರಳಿನ ಚೀಲ ಇಟ್ಟರು.

"ಒಂದು ಕತೆ ಹೇಳುತ್ತೇನೆ. ಈಗ ನೀನು ಅಡ್ಡ ಬರಬಾರದು."

"ಬರುವುದಿಲ್ಲ" ಎಂದಳು ಮುತ್ತವ್ವ. ಆ ಮಾತಿನಲ್ಲಿ ಇಬ್ಬರಿಗೂ ನಂಬಿಕೆ ಇರಲಿಲ್ಲ.

ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರಿನವರೆಲ್ಲ ಕೋವಿ ಹಿಡಿಯುವವರು. ವರ್ಷಕ್ಕೊಮ್ಮೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ ನಡೆಸುತ್ತಿದ್ದರು. ಅವರಲ್ಲಿ ಒಂದು ಪದ್ಧತಿ ಇತ್ತು. ಕೋವಿ ಕೈಗೆತ್ತಿಕೊಂಡ ದಿನ ಮೊದಲ ಈಡು ಬನದ ದೇವರಿಗೆ ಮೀಸಲು. ಅದನ್ನು ಮಣ್ಣಿನ ದಿಬ್ಬಕ್ಕೆ ಹೊಡೆಯುತ್ತಿದ್ದರು. ಎಲ್ಲಿ ಬಿತ್ತೆಂದು ಯಾರೂ ನೋಡುತ್ತಿರಲಿಲ್ಲ. ನೋಡಿದರೆ ದೇವರಿಗೆ ಕೊಟ್ಟದ್ದನ್ನು ಮರಳಿ ಕೇಳಿದಂತೆ ಎಂದು ಹಿರಿಯರು ಹೇಳಿದ್ದರು. ಎರಡನೆಯ ಈಡಿನಿಂದ ಪಂದ್ಯ ಶುರುವಾಗುತ್ತಿತ್ತು.

ಆ ವರ್ಷ ರೈತನ ಹೊಲಕ್ಕೆ ಹಂದಿ ಬೀಳತೊಡಗಿತು. ಹಳೆಯ ಕೋವಿಗೆ ಹೊಲದ ಆಚೆ ಅಂಚು ಎಟುಕುತ್ತಿರಲಿಲ್ಲ. ರೈತ ಪೇಟೆಗೆ ಹೋದ. ಅಲ್ಲಿ ಕೋವಿ ಮಾರುವ ಒಬ್ಬ ವ್ಯಾಪಾರಿ ಇದ್ದ. ವ್ಯಾಪಾರಿ ಎರಡು ರೈಫಲ್ ತೆಗೆದಿಟ್ಟ. ನೂರು ಗಜದಿಂದ ಹೊಡೆದ ಅವುಗಳ ಕಾಗದವನ್ನೂ ಪಕ್ಕದಲ್ಲಿಟ್ಟ. ಒಂದು ಕಾಗದದಲ್ಲಿ ಐದು ತೂತು. ಮೇಲೆ ಅರ್ಧ ಅಡಿಕೆ ಇಟ್ಟರೆ ಐದೂ ಮುಚ್ಚಿಹೋಗುತ್ತಿದ್ದವು. ಇನ್ನೊಂದರ ಐದು ತೂತು ಮುಚ್ಚಲು ನಿಂಬೆಹಣ್ಣು ಬೇಕಿತ್ತು. ಮೊದಲನೆಯದರ ನಳಿಗೆ ದಪ್ಪ, ಹಿಡಿ ಒಳ್ಳೆಯ ಮರದ್ದು, ಎತ್ತಿದರೆ ಭಾರ. ಎರಡನೆಯದು ತೆಳ್ಳಗೆ, ಹಗುರ, ನೋಡಲು ಏನೂ ಇಲ್ಲ.

"ನೀನು ಯಾವುದಕ್ಕೆ ಒಯ್ಯುತ್ತೀ?" ಎಂದು ವ್ಯಾಪಾರಿ ಕೇಳಿದ.

"ಕಾಯಿಗೂ ಹಂದಿಗೂ" ಎಂದ ರೈತ. "ಅಡಿಕೆಯದ್ದನ್ನು ಕೊಡು. ನಿಂಬೆಯದ್ದನ್ನು ಕಣ್ಣಿಲ್ಲದವರಿಗೆ ಇಟ್ಟುಕೋ."

ವ್ಯಾಪಾರಿ ಕೊಟ್ಟ. ರೈತ ಪಂದ್ಯಕ್ಕೆ ಹೋದ. ಮೊದಲ ಈಡನ್ನು ದಿಬ್ಬಕ್ಕೆ ಹೊಡೆದ. ಆಮೇಲೆ ಕಟ್ಟಿದ ಕಾಯಿಗಳನ್ನೆಲ್ಲ ಒಂದೊಂದಾಗಿ ಒಡೆದ. ಜನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ತಂದರು.

ಎಂಟು ದಿನ ಕಳೆದವು. ಒಂದು ಬೆಳಿಗ್ಗೆ ಹೊಲದ ಆಚೆ ಅಂಚಿನಲ್ಲಿ ಹಂದಿ ನಿಂತಿತ್ತು. ಇನ್ನೂರು ಹೆಜ್ಜೆ ದೂರ. ಗಾಳಿ ಇರಲಿಲ್ಲ. ಹಂದಿ ಅಡ್ಡಲಾಗಿ ನಿಂತು ಗೆಡ್ಡೆ ಕೆದಕುತ್ತಿತ್ತು. ರೈತ ಬದುವಿನ ಮೇಲೆ ಕೋವಿ ಊರಿದ. ಉಸಿರು ಹಿಡಿದ. ಭುಜದ ಹಿಂದಕ್ಕೆ ಗುರಿ ಇಟ್ಟು ಕೋವಿಯ ಕುದುರೆ ಎಳೆದ. ಕೋವಿ ಅಲುಗಲಿಲ್ಲ. ಈಡು ಒಂದು ಗೇಣು ಹಿಂದಕ್ಕೆ ಹೋಗಿ ಹೊಟ್ಟೆಗೆ ಬಿತ್ತು. ಇನ್ನೊಂದು ತೋಟೆ ಏರಿಸುವಷ್ಟರಲ್ಲಿ ಹಂದಿ ಹಳ್ಳಕ್ಕೆ ಇಳಿದಿತ್ತು. ಹಳ್ಳದಲ್ಲಿ ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು.

ಅವಳು ಬದುಕಿದಳು. ತೊಡೆ ಸೀಳಿತ್ತು. ಆಮೇಲೆ ಅವಳು ನೆಟ್ಟಗೆ ನಡೆಯಲಿಲ್ಲ. ಹಂದಿ ಕಾಡಿಗೆ ಹೋಯಿತು, ಸಾಯಲಿಲ್ಲ.

ಊರಿನವರು ಬಂದು ಸಮಾಧಾನ ಹೇಳಿದರು. ದೇವರಿಗೆ ಈಡು ಕೊಡದೆ ಹಂದಿಗೆ ಹೊಡೆದದ್ದಕ್ಕೆ ಹೀಗಾಯಿತು ಎಂದರು. ರೈತ ಹೌದೆಂದು ತಲೆ ಆಡಿಸಿದ. ಹಾಸಿಗೆಯಲ್ಲಿ ಮಲಗಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಜನ ಹೋದ ಮೇಲೆ ಗಂಡನನ್ನು ಕರೆದು ಹೇಳಿದಳು: "ದೇವರಿಗೆಂದು ಹೊಡೆಯುವ ಮೊದಲ ಈಡು ಎಲ್ಲಿ ಬೀಳುತ್ತದೆಂದು ಇಷ್ಟು ವರ್ಷ ನೀವು ಯಾರೂ ನೋಡಲಿಲ್ಲ. ನಾನು ನೋಡಿದೆ. ನನ್ನ ತೊಡೆಗೆ ಬೀಳುತ್ತದೆ."

ಕತೆ ಇಲ್ಲಿಗೆ ಬಂದಾಗ ಮುತ್ತವ್ವನಿಗೆ ತಡೆಯಲಾಗಲಿಲ್ಲ.

"ಸರಿಯಾಗಿ ಹೇಳಿದಳು! ಎಂಥ ಗಂಡಸರು ಗುರುಗಳೇ ಆ ಊರಿನವರು? ಹೊಡೆದದ್ದು ಎಲ್ಲಿ ಬಿತ್ತೆಂದು ನೋಡದವರ ಕೈಗೆ ಕೋವಿ ಯಾಕೆ? ಒಂದೊಂದು ಕೋಲು ಕೊಟ್ಟು ಕೋಳಿ ಕಾಯಲು ಕೂರಿಸಬೇಕಿತ್ತು. ನಾನಾಗಿದ್ದರೆ ಮೊದಲ ದಿನವೇ ದಿಬ್ಬದ ಹತ್ತಿರ ಹೋಗಿ ನೋಡುತ್ತಿದ್ದೆ."

"ನೋಡುತ್ತಿದ್ದೆಯಾ?"

"ಮತ್ತೇನು? ಅದಕ್ಕೇನು ದೊಡ್ಡ ಓದು ಬೇಕೇ? ನಾನು ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ನನಗೇ ಹೊಳೆಯುತ್ತದೆ."

"ಒಳ್ಳೆಯದು" ಎಂದರು ಗುರುಗಳು. "ಅಡ್ಡ ಬಂದದ್ದಾಯಿತು. ಈಗ ಕೇಳು."

ರೈತ ಕೋವಿ ಎತ್ತಿಕೊಂಡು ಪೇಟೆಗೆ ನಡೆದ. ಅದನ್ನು ವ್ಯಾಪಾರಿಯ ಮುಂದೆ ಇಟ್ಟು, "ನನಗೆ ಸುಳ್ಳು ಕಾಗದ ತೋರಿಸಿದೆ" ಎಂದ.

ವ್ಯಾಪಾರಿ ಸಿಟ್ಟಾಗಲಿಲ್ಲ. "ಕಾಗದ ಸುಳ್ಳಲ್ಲ. ನಿಮ್ಮ ಊರಿನವರು ನೋಡುವ ಹಾಗೆಯೇ ನಾನೂ ನೋಡಿದೆ. ಮೊದಲನೆಯದು ದಿಬ್ಬಕ್ಕೆ, ಆಮೇಲೆ ಐದು ಕಾಗದಕ್ಕೆ. ಆ ಐದನ್ನು ನೀನು ನೋಡಿದೆ. ಅವಕ್ಕೂ ಮೊದಲಿನದೊಂದು ಇತ್ತೆಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದ. ಎದ್ದು ಒಳಗೆ ಹೋಗಿ ಬಂದು, "ತಪ್ಪಿನಲ್ಲಿ ನನ್ನದೂ ಪಾಲಿದೆ. ಎರಡನ್ನೂ ಒಯ್ಯಿ. ತಿಳಿಯುವ ತನಕ ಇಟ್ಟುಕೋ" ಎಂದು ನಿಂಬೆಯ ಕೋವಿಯನ್ನೂ ಕೊಟ್ಟ.

ರೈತ ಎರಡನ್ನೂ ಮನೆಗೆ ತಂದ. ಹೊಲದ ಬದುವಿನಲ್ಲಿ ಎರಡು ಕಂಬ ನೆಟ್ಟ. ಒಂದೊಂದು ಕಂಬಕ್ಕೆ ಒಂದೊಂದು ಕಾಗದ ಅಂಟಿಸಿದ. ನೂರು ಗಜ ಅಳೆದು ಕಲ್ಲು ಇಟ್ಟ.

ಮಾರನೆಯ ಬೆಳಿಗ್ಗೆ ಎದ್ದು ತಣ್ಣಗಿದ್ದ ಕೋವಿಗಳನ್ನು ಎತ್ತಿಕೊಂಡು ಹೋದ. ಒಂದೊಂದರಿಂದ ಒಂದೇ ಈಡು ಹೊಡೆದ. ಒರೆಸಿ ತಂದು ಗೂಟಕ್ಕೆ ಹಾಕಿದ. ಆ ದಿನ ಮತ್ತೆ ಮುಟ್ಟಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಮತ್ತೆ ಒಂದೊಂದು ಈಡು. ಕಾಗದ ಬದಲಿಸಲಿಲ್ಲ. ಮಂಜಿದ್ದ ದಿನವೂ ಹೊಡೆದ, ಚಳಿಯಿದ್ದ ದಿನವೂ ಹೊಡೆದ. ಜ್ವರ ಬಂದ ದಿನ ಕಂಬಳಿ ಹೊದ್ದುಕೊಂಡು ಹೋಗಿ ಹೊಡೆದ.

ದೇವರ ಈಡನ್ನು ಕಾಗದಕ್ಕೆ ಹೊಡೆಯುವವನೆಂದು ಊರಿನವರು ಅವನ ಮನೆಗೆ ಬರುವುದನ್ನು ಬಿಟ್ಟರು. ತೆಂಗಿನಕಾಯಿ ಒಡೆದ ದಿನ ಹೆಗಲ ಮೇಲೆ ಹೊತ್ತವರು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿದರು. ರೈತ ನಿಲ್ಲಿಸಲಿಲ್ಲ. ದಿನವೂ ಅವನು ಮರಳಿ ಬಂದಾಗ ಹೆಂಡತಿ ಬಾಗಿಲಿನ ಚೌಕಟ್ಟಿನ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು.

ಮೂವತ್ತು ಗೀಟು ಆದ ದಿನ ಅವನು ಎರಡು ಕಾಗದಗಳನ್ನೂ ಬಿಡಿಸಿ ತಂದು ಅವಳ ಮುಂದೆ ಹಾಸಿದ.

ಅಡಿಕೆಯ ಕೋವಿಯ ಮೂವತ್ತು ತೂತು ಊಟದ ತಟ್ಟೆಯಷ್ಟು ಅಗಲ ಚೆಲ್ಲಿದ್ದವು. ಬೆಳಗಿನ ತೇವಕ್ಕೆ ಅದರ ಮರ ಉಬ್ಬಿ ನಳಿಗೆಯನ್ನು ಒತ್ತುತ್ತಿತ್ತು, ಒಂದು ದಿನ ಎಡಕ್ಕೆ, ಒಂದು ದಿನ ಮೇಲಕ್ಕೆ. ಒಂದು ಈಡು ಹೊಡೆದು ಬಿಸಿಯಾದ ಮೇಲೆ ಮಾತ್ರ ಅದು ಸರಿದಾರಿಗೆ ಬರುತ್ತಿತ್ತು. ನಿಂಬೆಯ ಕೋವಿಯ ಮೂವತ್ತು ತೂತುಗಳ ಮೇಲೆ ಹೆಂಡತಿ ಅಡುಗೆಮನೆಯಿಂದ ನಿಂಬೆಹಣ್ಣು ತರಿಸಿ ಇಟ್ಟಳು. ಒಂದೂ ಹೊರಗೆ ಕಾಣಲಿಲ್ಲ. ಆ ತೆಳ್ಳನೆಯ ನಳಿಗೆ ಮೂರನೆಯ ಈಡಿಗೆ ಕಾದು ಆಚೀಚೆ ಆಗುತ್ತಿತ್ತು ನಿಜ. ಆದರೆ ಮೊದಲನೆಯದನ್ನು ಅದು ಒಂದು ದಿನವೂ ತಪ್ಪಿಸಲಿಲ್ಲ.

"ಪಂದ್ಯಕ್ಕೆ?" ಎಂದು ಹೆಂಡತಿ ಕೇಳಿದಳು.

"ಪಂದ್ಯದಲ್ಲಿ ಇನ್ನು ಸೋಲುತ್ತೇನೆ" ಎಂದ ರೈತ.

ಆ ದಿನವೇ ಅಡಿಕೆಯ ಕೋವಿಯನ್ನು ವ್ಯಾಪಾರಿಗೆ ಮರಳಿ ಕೊಟ್ಟು ಬಂದ.

ಮೂವತ್ತೊಂದನೆಯ ಬೆಳಿಗ್ಗೆ ಅವನು ಕಾಗದ ಅಂಟಿಸಲಿಲ್ಲ. ಒಂದೇ ತೋಟೆ ಜೇಬಿಗೆ ಹಾಕಿಕೊಂಡು ಹೊಲದ ಅಂಚಿಗೆ ಹೋಗಿ ಕೂತ. ಅಂದು ಹಂದಿ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವನು ದಿನವೂ ಹೋದ. ಒಂಬತ್ತನೆಯ ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಹೊಲದ ಕಡೆಯಿಂದ ಒಂದು ಈಡಿನ ಸದ್ದು ಕೇಳಿತು. ಅವಳ ಕೈ ನಿಂತಿತು. ಹಳ್ಳದ ಕಡೆ ಕಿವಿ ಕೊಟ್ಟಳು. ಅಲ್ಲಿ ಏನೂ ಓಡಲಿಲ್ಲ, ಯಾರೂ ಕೂಗಲಿಲ್ಲ. ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

ಗುರುಗಳು ಕತೆ ಮುಗಿಸಿದರು.

"ಅಬ್ಬಾ, ಗಟ್ಟಿ ಹೆಂಗಸು" ಎಂದಳು ಮುತ್ತವ್ವ. "ಆ ರೈತನೂ ಕೊನೆಗೆ ಮನುಷ್ಯನಾದ. ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆಗೆ ಉತ್ತರ ಎಲ್ಲಿ? ನಾನು ದೇವರ ಹೆಸರಿನಲ್ಲಿ ಕಣ್ಣು ಮುಚ್ಚಿಕೊಂಡವಳಲ್ಲ. ನನ್ನ ಐದೂ ಈಡು ನಿಮ್ಮ ಕಣ್ಣ ಮುಂದೆಯೇ ಇವೆ. ನಾಳೆ ಅಂಗಡಿಗೆ ಹೋಗಲೋ ಬೇಡವೋ, ಅದನ್ನು ಹೇಳಿ."

ಗುರುಗಳು ಮರಳಿನ ಚೀಲ ಸರಿಸಿದರು. ಕಾಗದವನ್ನು ನಾಲ್ಕಾಗಿ ಮಡಿಸಿ ಅವಳ ಕೈಗೆ ಕೊಟ್ಟರು. ಆಮೇಲೆ ಒಂದೇ ಮಾತು ಕೇಳಿದರು.

"ನಿನ್ನೆ ದಿಬ್ಬಕ್ಕೆ ಹೊಡೆದೆಯಲ್ಲ, ಅದು ಎಲ್ಲಿ ಬಿತ್ತು?"