ರುಮಾಲು ಸುತ್ತುವ ಮನೆ

ಶಿಷ್ಯ ಮರಿದೇವ ಕೈಯಲ್ಲಿ ನಾಲ್ಕು ಹಾಳೆ ಹಿಡಿದು ಗುರುಗಳ ಮುಂದೆ ಕೂತ.

"ನಾಳೆಗೆ ನಮ್ಮ ತಂದೆ ತೀರಿಕೊಂಡು ಒಂದು ವರ್ಷ. ಯುದ್ಧ ಮಾಡಿ ಬಂದವರು. ಊರಿನವರ ಮುಂದೆ ಓದಲು ಅವರ ಬದುಕನ್ನು ಬರೆದಿದ್ದೇನೆ. ಒಂದು ಸಂಗತಿ ಮಾತ್ರ ಬಿಟ್ಟಿದ್ದೇನೆ. ಅದನ್ನು ಕೇಳಿದರೆ ಜನ ಅವರನ್ನು ಹಗುರವಾಗಿ ಕಾಣುತ್ತಾರೆ. ಬಿಟ್ಟದ್ದು ತಪ್ಪೇ?"

ಆ ಸಂಗತಿ ಯಾವುದೆಂದು ಗುರುಗಳು ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಿಪಾಯಿಯಿದ್ದ. ಮೂರು ಯುದ್ಧ ಮುಗಿಸಿ ಬಂದು, ಉಳಿದ ಕಾಲ ಹೊಲ ಉತ್ತುಕೊಂಡಿದ್ದ. ಆ ಊರಿನಿಂದ ಯಾರೇ ದಂಡಿಗೆ ಹೊರಟರೂ ಮೊದಲು ಅವನ ಮನೆಗೆ ಬಂದು, ಅವನ ಕೈಯಿಂದ ತಲೆಗೆ ರುಮಾಲು ಸುತ್ತಿಸಿಕೊಂಡು ಹೋಗಬೇಕು. ಅದು ಊರಿನ ಪದ್ಧತಿ. ಸಿಪಾಯಿ ಮಾತ್ರ ಬಂದವನನ್ನು ಕೂರಿಸಿಕೊಂಡು ಮೊದಲು ತನ್ನ ಕತೆ ಹೇಳುತ್ತಿದ್ದ, ಆಮೇಲೆ ರುಮಾಲಿಗೆ ಕೈ ಹಾಕುತ್ತಿದ್ದ.

ಕತೆ ಚಿಕ್ಕದು. ಮೊದಲ ದಿನ ನಗಾರಿ ಬಡಿದಾಗ ಅವನ ಮೊಣಕಾಲು ನಡುಗಿದ್ದವು. ಹೊಲದ ಬದುವಿನ ಮರೆಯಲ್ಲಿ ಕೂತುಬಿಟ್ಟಿದ್ದ. ಉಟ್ಟ ಪಂಚೆ ಒದ್ದೆಯಾಗಿತ್ತು. ಕೂತಲ್ಲೇ ನಡುಕ ಇಳಿಯಿತು, ಎದ್ದು ಹೋಗಿ ಕಾದಾಡಿದ. ಇದನ್ನು ಅವನು ನಗುನಗುತ್ತಲೇ ಹೇಳುತ್ತಿದ್ದ.

ಸಿಪಾಯಿ ಮುದುಕನಾಗಿ ತೀರಿಕೊಂಡ. ಮಗನಿಗೆ ಅಪ್ಪನೆಂದರೆ ಪ್ರಾಣ. ಮಾರ್ನವಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ನೆಂಟರನ್ನೆಲ್ಲ ಕರೆದ. ಸತ್ತವರಿಗೆ ಇಷ್ಟವಾಗಿದ್ದುದನ್ನೆಲ್ಲ ಇಡುವುದು ಆ ಕಡೆಯ ರೂಢಿ. ತಾಯಿ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು ಬಡಿಸಿ ಪಕ್ಕದಲ್ಲಿ ಹೆಂಡವನ್ನೂ ಇಟ್ಟಳು. ಅದರಲ್ಲಿ ಯಾರಿಗೂ ಮುಚ್ಚುಮರೆ ಇರಲಿಲ್ಲ. ಊಟವಾದ ಮೇಲೆ ಮಗ ಅಪ್ಪನ ಕತೆ ಹೇಳಿದ. ಪಂಚೆಯ ಮಾತು ಬಂದಾಗ ದೂರದ ನೆಂಟನೊಬ್ಬ ಕಿಸಕ್ಕನೆ ನಕ್ಕ.

ಮಗ ಕತೆಯನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಹೋದ. ಮರುವರ್ಷದಿಂದ ಕತೆಯಲ್ಲಿ ಬದು, ಪಂಚೆ ಎರಡನ್ನೂ ಬಿಟ್ಟುಬಿಟ್ಟ. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕರೆಯುತ್ತಿತ್ತು ಎನ್ನುತ್ತಾರಲ್ಲ, ಹಾಗೆ ಅಪ್ಪ ಕಡಿದುಹಾಕಿದ ತಲೆಗಳು ವರ್ಷವರ್ಷಕ್ಕೂ ಹೆಚ್ಚಿದವು.

ಮತ್ತೆ ಯುದ್ಧ ಬಂತು. ಊರಿನ ಕುಂಬಾರನಿಗೆ ಕರೆ ಬಂತು. ಅವನಿಗೆ ಮದುವೆಯಾಗಿ ಆರು ತಿಂಗಳಾಗಿತ್ತು. ಸಿಪಾಯಿ ಹೋದ ಮೇಲೆ ರುಮಾಲು ಸುತ್ತುವ ಕೆಲಸ ಮಗನಿಗೆ ಬಂದಿತ್ತು; ಕುಂಬಾರ ಅವನ ಹತ್ತಿರ ಬಂದ.

"ಅಣ್ಣ, ನಿಮ್ಮಪ್ಪಾರಿಗೆ ಭಯ ಆಗ್ತಿರಲಿಲ್ವಾ?" ಎಂದು ಕೇಳಿದ.

"ಭಯ ಅಂದ್ರೆ ಏನು ಅಂತಾನೇ ನಮ್ಮಪ್ಪನಿಗೆ ಗೊತ್ತಿರಲಿಲ್ಲ ಕಣಯ್ಯ" ಎಂದ ಮಗ. ಚೆನ್ನಾಗಿ ಬಿಗಿದು ರುಮಾಲು ಸುತ್ತಿ ಕಳಿಸಿದ.

ಹತ್ತನೆಯ ದಿನ ಕುಂಬಾರ ಊರಿಗೆ ಬಂದ. ನಗಾರಿ ಬಡಿದ ಕೂಡಲೇ ಭರ್ಜಿ ಬಿಸಾಡಿ ಓಡಿದ್ದ. ಎದುರಿಗೆ ಸಿಕ್ಕವರು ಮುಖ ತಿರುಗಿಸಿದರು. ಅವನು ತನ್ನ ಮನೆಗೂ ಹೋಗದೆ ನೇರವಾಗಿ ಸಿಪಾಯಿಯ ಮನೆಗೆ ಬಂದು, ರುಮಾಲನ್ನು ಜಗಲಿಯ ಮೇಲಿಟ್ಟ.

"ಇದು ನಿಮ್ಮಪ್ಪಾರಂಥೋರ ತಲೆಗೆ ಸರಿ ಅಣ್ಣ. ನಂದು ಹುಟ್ಟು ಹೇಡಿತನ. ಕಾಲು ನಡುಗಿದ ಕೂಡ್ಲೇ ಗೊತ್ತಾಗೋಯ್ತು."

ಒಳಗಿದ್ದ ತಾಯಿಗೆ ಇದು ಕೇಳಿಸಿತು. ಅವಳು ಹೊರಗೆ ಬಂದಳು.

"ಯಾರಪ್ಪ ನಿಂಗೆ ಹಂಗಂದೋರು? ನಮ್ಮನೆಯೋರೂ ಮೊದಲನೇ ದಿನ ನಡುಗಿ ಬದು ಮರೆಗೆ ಕೂತೋರೇ. ಪಂಚೆ ಒದ್ದೆ ಮಾಡ್ಕೊಂಡಿದ್ರು. ಹೋಗೋರಿಗೆಲ್ಲ ಅದನ್ನ ಹೇಳಿಯೇ ಕಳಿಸ್ತಿದ್ರು. ನಿಂಗೆ ಹೇಳ್ಲಿಲ್ವಾ?"

ಕುಂಬಾರ ಸಿಪಾಯಿಯ ಮಗನ ಮುಖ ನೋಡಿದ. ಮಗ ತಲೆ ತಗ್ಗಿಸಿದ.

"ಎಷ್ಟು ಹೊತ್ತಿಗೆ ಎದ್ದರಂತೆ, ಅವ್ವ?" ಎಂದು ಕುಂಬಾರ ಕೇಳಿದ.

"ಒಂದು ಸಲ ಎಲೆ ಅಡಿಕೆ ಹಾಕ್ಕಂಡು ಅಗಿಯೋಷ್ಟು ಹೊತ್ತು ಅಂತಿದ್ರು."

"ನಾನು ಅಷ್ಟು ಹೊತ್ತೂ ಕಾಯ್ಲಿಲ್ಲ" ಎಂದ ಕುಂಬಾರ.

ಮರುದಿನ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ತನ್ನನ್ನು ಅರಿಯದ ಯಾವುದೋ ಸೀಮೆಗೆ ಹೋದನೆಂದು ಹೇಳುತ್ತಾರೆ. ಆ ಊರಿನವರು ಅಂದಿನಿಂದ ಮಡಕೆ ಬೇಕಾದರೆ ಮೂರು ಹರದಾರಿ ನಡೆಯಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಹಾಳೆಗಳನ್ನು ಸುರುಳಿ ಸುತ್ತಿದ, ಮತ್ತೆ ಬಿಚ್ಚಿದ.

"ಆದರೆ ಗುರುಗಳೇ, ನಾಳೆ ಯಾರಾದರೂ ನಕ್ಕರೆ? ನನ್ನಿಂದ ಅದನ್ನು ತಡೆದುಕೊಳ್ಳಲಾಗದು. ಅವರು ನನ್ನ ಅಪ್ಪ."

ಗುರುಗಳು ಹೇಳಿದರು: "ನಗುವವನು ನಕ್ಕು ಉಂಡು ಮನೆಗೆ ಹೋಗುತ್ತಾನೆ, ನೀನು ಬಿಟ್ಟ ಆ ಒಂದು ಮಾತು ಬೇಕಾದವನೂ ಅವನ ಪಕ್ಕದಲ್ಲೇ ಕೂತಿರುತ್ತಾನೆ."