ಮೆಣಸಿನಕಾಯಿ ತೊಟ್ಟಿನ ಮೊಸರು

"ಗುರುಗಳೇ, ತಾಯಿಯಿಲ್ಲದೆ ಹುಟ್ಟಿದ ಜೀವಕ್ಕೆ ತಾಯಿ ಯಾರು?" ಎಂದು ಮಹಾಂತ ಕೇಳಿದ.

ಮಹಾಂತ ಗುರುಗಳ ಹಳೆಯ ಶಿಷ್ಯ. ಈಗ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಅವನೂ ಜೊತೆಯವರೂ ಸೇರಿ ಒಂದು ಜೀವಕಣವನ್ನು ಮಾಡಿದ್ದರು. ಮಾಡಿದ್ದರು ಎಂದರೆ, ಯಾವ ಪ್ರಾಣಿಯಿಂದಲೂ ಗಿಡದಿಂದಲೂ ತಂದದ್ದಲ್ಲ. ಜೀವವಿಲ್ಲದ ವಸ್ತುಗಳನ್ನು ಕೂಡಿಸಿ ಮಾಡಿದ್ದು. ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಿತ್ತು. ದಿನವೂ ಅದಕ್ಕೆ ಆಹಾರದ ನೀರು ಹಾಕುವುದು ಮಹಾಂತನ ಪಾಲಿನ ಕೆಲಸ. ತಪ್ಪಿದರೆ ಅದು ಸಾಯುತ್ತದೆ. ಆದರೆ ಅದು ಯಾರ ಕೂಸು ಎಂದು ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟುಹೋಗಿತ್ತು. ಇದು ಬಗೆಹರಿಯುವವರೆಗೆ ಮುಟ್ಟುವುದಿಲ್ಲ ಎಂದುಕೊಂಡು, ಬೆಳಿಗ್ಗೆ ಪಾತ್ರೆ ಮುಚ್ಚಿಟ್ಟು ಹೊರಟುಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅತ್ತೆಯಿದ್ದಳು. ಮದುವೆಯಾಗಿ ಬರುವಾಗ ತವರಿನಿಂದ ಹೆಪ್ಪು ತಂದಿದ್ದಳು. ಇಂದಿನ ಮೊಸರಿನಿಂದ ನಾಳೆಯದು, ನಾಳೆಯದರಿಂದ ನಾಡಿದ್ದಿನದು, ಹೀಗೆ ಅದೇ ಹೆಪ್ಪು ನಲವತ್ತು ವರ್ಷ ನಡೆದುಬಂದಿತ್ತು. ಒಂದು ದಿನ ನೆಂಟರು ಬಂದರು. ಗಡಿಬಿಡಿಯಲ್ಲಿ ಸೊಸೆ ಮೊಸರನ್ನೆಲ್ಲ ಬಡಿಸಿ, ಗಡಿಗೆಯನ್ನು ತೊಳೆದೇಬಿಟ್ಟಳು. ಆಮೇಲೆ ಹೆದರಿದಳು. ಕಾಯಿಸಿದ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟಳು. ಹೆಪ್ಪಿಲ್ಲದಿದ್ದಾಗ ಹಾಗೂ ಮೊಸರು ಮಾಡುವುದುಂಟು. ಮೊದಲ ದಿನದ್ದು ನೀರುನೀರಾಯಿತು. ಅದನ್ನೇ ಹೆಪ್ಪು ಹಾಕಿದಳು. ಮೂರನೆಯ ಸಲಕ್ಕೆ ಗಟ್ಟಿಯಾಯಿತು.

ಅತ್ತೆ ಉಂಡು, "ಇದು ನೋಡು ನಮ್ಮವ್ವನ ಮೊಸರು! ನಿನ್ನ ತವರಲ್ಲಿ ಇಂಥದ್ದು ಕಂಡಿದ್ದೀಯೇನೇ?" ಅಂದಳು.

ಸೊಸೆಗೆ ತಡೆಯಲಾಗಲಿಲ್ಲ. "ಇದು ನಿಮ್ಮವ್ವನದಲ್ಲ ಅತ್ತೆ, ಮೆಣಸಿನಕಾಯಿ ತೊಟ್ಟಿನದು" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

ಅತ್ತೆ ತಟ್ಟೆಯನ್ನೇ ನೋಡುತ್ತ ಕುಳಿತಳು. ರುಚಿ ಅದೇ. ಬೈಯಬೇಕೋ ಉಣ್ಣಬೇಕೋ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಕೇಳಿದಳು: "ನಾಳೆಗೆ ಎತ್ತಿಟ್ಟಿದ್ದೀಯಾ?"

"ಇಟ್ಟಿದ್ದೀನಿ ಅತ್ತೆ."

"ಹಾಗಾದರೆ ಇನ್ನೊಂದು ಸೌಟು ಬಡಿಸು."

ಕತೆ ಮುಗಿಯಿತು. ಮಹಾಂತನ ಗೊಂದಲ ಇನ್ನೂ ಹೆಚ್ಚಾಯಿತು. "ಹಾಗಾದರೆ ಆ ಮೊಸರಿಗೆ ತಾಯಿ ಯಾರು, ಗುರುಗಳೇ? ಹಾಲೋ, ತೊಟ್ಟೋ, ಸೊಸೆಯೋ?"

ಗುರುಗಳು ಅವನ ಮುಖ ನೋಡಿದರು.

"ಅದಿರಲಿ, ನಿನ್ನ ಪಾತ್ರೆಗೆ ಇವತ್ತು ನೀರು ಹಾಕಿದವರು ಯಾರು?"

ಮಹಾಂತ ಎದ್ದು ಪ್ರಯೋಗಶಾಲೆಯ ಕಡೆಗೆ ಓಡಿದ.